ಸೂಚನಪ್ಪನ ತಂಡ

ಅನಾಹುತಕ್ಕೆಲ್ಲ ಕಾರಣ ವಿಸಿಟಿಂಗ್ ಕಾರ್ಡಿನ ಕೆಳಗೆ ಉಳಿದಿದ್ದ ಅರ್ಧ ಇಂಚು ಜಾಗ. ಖಾಲಿ ಬಿಟ್ಟರೂ ಅಷ್ಟೇ ದುಡ್ಡು, ತುಂಬಿಸಿದರೂ ಅಷ್ಟೇ ದುಡ್ಡು ಎಂದು ಪ್ರೆಸ್ಸಿನವನು ಹೇಳಿದ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವುದುಂಟೇ? ಸೂಚನಪ್ಪ ಅಲ್ಲಿ ‘ಮತ್ತು ತಂಡ’ ಎಂದು ಹಾಕಿಸಿಬಿಟ್ಟ.

ತಂಡ ಎಲ್ಲಿತ್ತು? ಇದ್ದವನು ಅವನೊಬ್ಬ. ಕಚೇರಿಯೊಂದರ ಟಪಾಲು ವಿಭಾಗದಲ್ಲಿ ಗುಮಾಸ್ತ. ರಜೆಯ ದಿನ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಡಬ್ಬಿಯೊಳಗೆ ಬರುತ್ತದಲ್ಲ, ಯಾರೂ ಓದದ ಬಳಕೆಯ ಚೀಟಿ, ಅದನ್ನು ಬರೆಯುವವನು. ಬರೆದು ಬರೆದು ಅವನ ಮಾತೂ ಹಾಗೇ ಆಗಿಹೋಗಿತ್ತು. ಹೆಂಡತಿ ಊಟಕ್ಕೆ ಕರೆದರೆ, ‘ಮೊದಲು ಕೈ ತೊಳೆಯುವುದು, ನಂತರ ಕೂರುವುದು’ ಅನ್ನುತ್ತಿದ್ದ. ಸೂಚನಪ್ಪ ಎಂಬ ಹೆಸರನ್ನು ಕಚೇರಿಯವರು ಇಟ್ಟಿದ್ದರು. ಅಪ್ಪ ಅಮ್ಮ ಇಟ್ಟದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ ಜೀವ ಹಿಡಿದುಕೊಂಡಿತ್ತು.

ಅವನ ಚೀಟಿಗಳಿಗೊಂದು ಗುಟ್ಟಿತ್ತು. ಹೊಸ ಸಾಮಾನು ಬಂದ ಕೂಡಲೇ ಅದನ್ನು ಅತ್ತೆಯ ಮುಂದಿಟ್ಟು, ತಾನು ನೋಟ್‌ಬುಕ್ ಹಿಡಿದು ಸುರಕ್ಷಿತ ದೂರದಲ್ಲಿ ಕೂರುತ್ತಿದ್ದ. ಆಕೆ ಮುಚ್ಚಳ ತಲೆಕೆಳಗಾಗಿ ಹಾಕಿ, ತಿರುಗಿಸಬೇಕಾದ್ದನ್ನು ಎಳೆದು, ಎಳೆಯಬೇಕಾದ್ದನ್ನು ಗುದ್ದಿ ಏನೇನು ಮಾಡಿದರೋ ಅದನ್ನೆಲ್ಲ ‘ಮಾಡಬಾರದು’ ಎಂದು ಬರೆದರೆ ಚೀಟಿ ಸಿದ್ಧ. ‘ಎಚ್ಚರಿಕೆ: ಮುಚ್ಚಳ ಹಾಕದೆ ಮಿಕ್ಸಿ ತಿರುಗಿಸಬಾರದು, ತಿರುಗಿಸಿದ್ದಲ್ಲಿ ಸೂರನ್ನು ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು’ ಎಂಬ ಸಾಲು ಸುಮ್ಮನೆ ಬಂದದ್ದಲ್ಲ.

ಕಚೇರಿ ಬಿಟ್ಟು ಇದನ್ನೇ ಸ್ವಂತ ಉದ್ಯಮ ಮಾಡಬೇಕೆಂಬುದು ಆರು ವರ್ಷದ ಆಸೆ. ಹೆಂಡತಿಯದು ಒಂದೇ ಷರತ್ತು: ಇಡೀ ವರ್ಷದ ಕೆಲಸ ಕೈಗೆ ಬಂದ ದಿನ ರಾಜೀನಾಮೆ, ಅಲ್ಲಿಯವರೆಗೆ ಆ ಮಾತು ಎತ್ತಕೂಡದು. ಇವತ್ತು ಆ ದಿನ ಬಂದೇ ಬಂದಿತ್ತು. ಮನೆಬಳಕೆ ಸಾಮಾನಿನ ಕಾರ್ಖಾನೆಯ ಒಡತಿ ಬೆಳಿಗ್ಗೆಯೇ ಫೋನ್ ಮಾಡಿ, ಈ ವರ್ಷದ ನಲವತ್ತು ಸಾಮಾನಿಗೂ ಚೀಟಿ ಬೇಕು, ಹನ್ನೊಂದಕ್ಕೆ ಬಂದು ನಿಮ್ಮ ತಂಡವನ್ನು ನೋಡುತ್ತೇನೆ ಅಂದರು.

“ತಂಡಾನಾ?” ಅಂದಳು ಹೆಂಡತಿ. “ನೀವು, ನಾನು, ಅಮ್ಮ. ಸಾಲದಾ?”

ಸಾಲದು. ಸೂಚನಪ್ಪ ಕಚೇರಿಗೆ ಹೊಟ್ಟೆನೋವೆಂದು ಹೇಳಿ, ಕೆಳಮನೆಯ ದರ್ಜಿಯನ್ನೂ ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರನ್ನೂ ಹಿಡಿದು ತಂದ. ದರ್ಜಿ ಚಿತ್ರ ವಿಭಾಗದ ಮುಖ್ಯಸ್ಥ, ಮಾಸ್ತರರು ಸಂಪಾದಕರು. ಇಬ್ಬರೂ ಬಾಯಿ ಬಿಡಬಾರದು, ತಲೆ ಆಡಿಸಿದರೆ ಸಾಕು ಎಂದು ಕ್ರಮಸಂಖ್ಯೆ ಸಮೇತ ಹೇಳಿಕೊಟ್ಟ. ಆಮೇಲೆ ಮೆಲ್ಲನೆ ಅಡುಗೆಮನೆಗೆ ಹೋದ.

“ಅತ್ತೆ, ಅವರು ಹೋಗೋ ತನಕ ನೀವು ದಯವಿಟ್ಟು ಆಚೆ ಬರಬೇಡಿ. ಪರಿಣತರ ತಂಡ ಅಂತ ಹೇಳಿದೀನಿ.”

“ಬರಲ್ಲ ಬಿಡಿ ಅಳಿಯಂದಿರೇ,” ಅಂದರು ಅತ್ತೆ. “ಆರು ವರ್ಷ ಒಡೆದು ಒಡೆದು ಕೊಟ್ಟೆ. ಪರಿಣತರು ಬಂದಮೇಲೆ ನಾನ್ಯಾಕೆ?”

ಹನ್ನೊಂದಕ್ಕೆ ಸರಿಯಾಗಿ ಒಡತಿ ಬಂದರು. ಹಿಂದೆಯೇ ಡ್ರೈವರ್ ಒಂದು ಕುರ್ಚಿ ಹೊತ್ತು ತಂದಿಟ್ಟ. ನೋಡಲು ಕುರ್ಚಿ, ಬೆನ್ನು ಮಗುಚಿದರೆ ಏಣಿ. ಮಾರಿದ್ದರಲ್ಲಿ ಅರ್ಧಕ್ಕರ್ಧ ವಾಪಸ್ಸು ಬಂದಿವೆಯಂತೆ. ತಪ್ಪು ಚೀಟಿಯದು ಎಂದು ಎಂಜಿನಿಯರುಗಳ ವಾದ. ನನ್ನ ಎದುರಿಗೇ ಇದಕ್ಕೊಂದು ಹೊಸ ಚೀಟಿ ಬರೆಯಿರಿ, ನೋಡೋಣ ಎಂದು ಒಡತಿ ಸೋಫಾದಲ್ಲಿ ಒರಗಿ ಕೂತರು.

ತಂಡ ಕೆಲಸಕ್ಕಿಳಿಯಿತು. ದರ್ಜಿ ಅಭ್ಯಾಸಬಲದಿಂದ ಟೇಪು ತೆಗೆದು ಕುರ್ಚಿಯ ಭುಜ, ಎದೆ, ಸೊಂಟ ಅಳೆದು, ಸೊಂಟದ ಹತ್ತಿರ ಸ್ವಲ್ಪ ಬಿಗಿ ಮಾಡಬಹುದು, ಶನಿವಾರ ಟ್ರಯಲ್‌ಗೆ ಬನ್ನಿ ಅಂದುಬಿಟ್ಟ. ಮಾಸ್ತರರು ಅಷ್ಟರಲ್ಲಿ ಒಡತಿ ತಂದು ಟೇಬಲ್ಲಿನ ಮೇಲಿಟ್ಟಿದ್ದ ಕರಾರುಪತ್ರವನ್ನು ಎಳೆದುಕೊಂಡು, ಕೆಂಪು ಪೆನ್ನಿನಲ್ಲಿ ಹದಿನಾಲ್ಕು ತಪ್ಪು ಗುರುತು ಮಾಡಿ, ಹತ್ತಕ್ಕೆ ಮೂರು ಅಂಕ ಕೊಟ್ಟು, ‘ಪೋಷಕರ ಸಹಿ ಮಾಡಿಸಿಕೊಂಡು ಬರುವುದು’ ಎಂದು ಷರಾ ಬರೆದರು.

ವ್ಯವಹಾರ ಕೈಮೀರುತ್ತಿದೆ ಎಂದು ಸೂಚನಪ್ಪ ತಾನೇ ಮುಂದಾಗಿ ಕುರ್ಚಿಯ ಬೆನ್ನು ಮಗುಚಿ ಏಣಿ ಹತ್ತಿದ. ಎರಡನೆಯ ಮೆಟ್ಟಿಲ ಮೇಲೆ ನಿಂತು, ಮೊದಲು ಬಲಗಾಲು, ನಂತರ ಎಡಗಾಲು ಎಂದು ಘಂಟಾಘೋಷವಾಗಿ ಹೇಳುತ್ತಿರುವಾಗ ಏಣಿಗೆ ತಾನು ಕುರ್ಚಿಯೆಂಬುದು ನೆನಪಾಯಿತು. ಕಟಕ್ಕೆಂದು ಮಡಚಿಕೊಂಡಿತು. ಕ್ಲಿಪ್ಪು ಹಾಕಿ ಒಣಗಲು ಬಿಟ್ಟ ಅಂಗಿಯ ಹಾಗೆ ಸೂಚನಪ್ಪ ನಡುವೆ ನೇತಾಡಿದ. ದರ್ಜಿ ಒಂದು ಕಡೆಯಿಂದ ಎಳೆದ, ಮಾಸ್ತರರು ಇನ್ನೊಂದು ಕಡೆಯಿಂದ. ಎಳೆದಷ್ಟೂ ಅದು ಬಿಗಿಯಾಯಿತು.

ಅಡುಗೆಮನೆಯಿಂದ ಅತ್ತೆ ಸೀದಾ ಬಂದರು. ಏಣಿಯ ಪಕ್ಕಕ್ಕೆ ಕೈ ಹಾಕಿ ಏನನ್ನೋ ಒತ್ತಿದರು. ಅಳಿಯ ದೊಪ್ಪೆಂದು ನೆಲಕ್ಕೆ ಬಿದ್ದ.

ಒಡತಿ ಎದ್ದು ನಿಂತಿದ್ದರು. “ಅಮ್ಮಾ, ನಿಮಗೆ ಹೇಗೆ ಗೊತ್ತಾಯ್ತು?”

“ಬಾಗಿಲ ಸಂದೀಲಿ ನೋಡ್ತಿದ್ದೆ. ಎರಡನೇ ಮೆಟ್ಟಿಲ ಪಕ್ಕ ಕೆಂಪು ಗುಂಡಿ ಇಟ್ಟಿದೀರಿ. ಕೆಂಪಗೆ, ದುಂಡಗೆ, ಕೈಗೆ ಸಿಗೋ ಹಾಗೆ. ಯಾರು ಒತ್ತದೇ ಬಿಡ್ತಾರೆ? ನಮ್ಮ ಅಳಿಯಂದಿರು ಕಾಲಲ್ಲಿ ಒತ್ತಿದ್ರು, ಮಡಚ್ಕೊಂಡ್ತು. ನಾನು ಅದನ್ನೇ ಮತ್ತೆ ಒತ್ತಿದೆ, ಬಿಟ್ಕೊಂಡ್ತು. ನಾನಾಗಿದ್ರೆ ಹತ್ತೋಕೆ ಮುಂಚೆನೇ ಒತ್ತಿರ್ತಿದ್ದೆ.”

ಒಡತಿ ಕುರ್ಚಿಯನ್ನು ಅತ್ತೆಯ ಕೈಗೇ ಕೊಟ್ಟರು. ಅರ್ಧ ಗಂಟೆಯಲ್ಲಿ ಅದು ಇನ್ನೂ ಐದು ಬಗೆಯಲ್ಲಿ ಕೆಟ್ಟಿತು. ಒಂದು ಬಗೆಯಂತೂ ಸ್ವತಃ ಕುರ್ಚಿಯೂ ಊಹಿಸಿರಲಾರದಂಥದು. ಒಡತಿಯ ಪೆನ್ನು ಓಡುತ್ತಲೇ ಇತ್ತು. ನೆಲದ ಮೇಲೆ ಕೂತಿದ್ದ ಸೂಚನಪ್ಪನಿಗೆ ಇನ್ನು ಸುಳ್ಳು ಸಾಗದು ಅನ್ನಿಸಿತು. ಇವರು ದರ್ಜಿ, ಅವರು ಮಾಸ್ತರು, ನನ್ನ ನಿಜವಾದ ತಂಡ ನಮ್ಮತ್ತೆಯೊಬ್ಬರೇ ಎಂದು ಒಪ್ಪಿಕೊಂಡುಬಿಟ್ಟ.

ಸೊಂಟ ಬಿಗಿ ಮಾಡಬಹುದು ಅಂದಾಗಲೇ ಗೊತ್ತಾಗಿತ್ತು ಎಂದು ಒಡತಿ ನಕ್ಕರು. ಮಾಸ್ತರರಿಂದ ಕರಾರುಪತ್ರ ವಾಪಸ್ಸು ಪಡೆದು, ಒಂದೆರಡು ಕಡೆ ಗೀಚಿ ತಿದ್ದಿ, ಪೂರ್ತಿ ಒಂದು ವರ್ಷದ ಕೆಲಸ, ಇವತ್ತಿನಿಂದಲೇ ಅಂದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೂಚನಪ್ಪ ಮನಸ್ಸಿನಲ್ಲೇ ರಾಜೀನಾಮೆ ಪತ್ರದ ಮೂರನೆಯ ಸಾಲಿಗೆ ಬಂದಿದ್ದ. ಸಹಿಗೆಂದು ಕೈ ಚಾಚಿದ. ಪೆನ್ನು ಅವನ ಮೂಗಿನ ಮುಂದಿನಿಂದ ಹಾದು ಅತ್ತೆಯ ಕೈ ಸೇರಿತು.

“ಅಮ್ಮಾ, ಇಲ್ಲಿ ಹಾಕಿ.”

“ಮತ್ತೆ ನನ್ನ ಚೀಟಿ?” ಅಂದ ಸೂಚನಪ್ಪ.

“ಇಷ್ಟು ದಿನ ಸಾಮಾನು ಮಾಡಿದಮೇಲೆ ಚೀಟಿ ಬರೆಸ್ತಿದ್ವಿ. ಇನ್ಮೇಲೆ ಮಾಡೋಕೆ ಮುಂಚೆನೇ ಒಂದು ಮಾದರಿ ಅಮ್ಮನ ಕೈಗೆ ಕೊಡ್ತೀವಿ. ಇವರ ಕೈಲಿ ಕೆಡದೇ ಇರೋ ಸಾಮಾನಿಗೆ ಚೀಟಿ ಯಾಕ್ರೀ ಬೇಕು?”

ಕಾರು ಹೊರಟುಹೋಯಿತು. ಅತ್ತೆ ಆರು ವರ್ಷದಲ್ಲಿ ಮೊದಲ ಸಲ ಅಳಿಯನ ಮೇಜಿನ ಹಿಂದೆ ಕೂತು, ಈ ಕೋಣೆಗೆ ಬೆಳಕು ಸಾಲದು, ಮೇಜನ್ನು ಕಿಟಕಿಯ ಹತ್ತಿರ ಸರಿಸಬೇಕು ಅಂದರು. ದರ್ಜಿ, ಮಾಸ್ತರರು ಎರಡೂ ತುದಿ ಹಿಡಿದು ಸರಿಸಿದರು. ಆಮೇಲೆ ಅತ್ತೆ ಅಳಿಯನನ್ನು ಎದುರಿನ ಸ್ಟೂಲಿನ ಮೇಲೆ ಕೂರಲು ಹೇಳಿದರು.

“ಅಳಿಯಂದಿರೇ, ನಾನು ಒತ್ತಿದ್ದು ಎಳೆದದ್ದು ಬರ್ಕೊಳ್ಳೋಕೆ ಒಬ್ಬರು ಬೇಕು. ನಿಮ್ಮ ಕೈಬರಹ ಚೆನ್ನಾಗಿದೆ. ಆಫೀಸು ಮಾತ್ರ ಬಿಡಬೇಡಿ. ರಜಾದಿನ ಬನ್ನಿ, ಸಾಕು. ಕೆಲಸ ನೋಡಿ, ಮುಂದಿನ ವರ್ಷ ಖಾಯಂ ಮಾಡೋ ವಿಚಾರ.”

ಆರು ವರ್ಷ ಕಾದವನಿಗೆ ಇನ್ನೊಂದು ವರ್ಷ ಯಾವ ಮಹಾ? ಸೂಚನಪ್ಪ ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ.

“ಆಗಲಿ, ಮೇಡಂ,” ಅಂದ.