ಪೆರೆಗುದೊವ್‌ನ ಅಳು

ಆ ಬೆಳಿಗ್ಗೆ ಪೀಟರ್ಸ್‌ಬರ್ಗಿನ ಮೇಲೆ ಬಿದ್ದದ್ದು ಹಿಮವೂ ಅಲ್ಲ, ಮಳೆಯೂ ಅಲ್ಲ. ಎರಡೂ ದಾರಿಯುದ್ದಕ್ಕೂ ಜಗಳವಾಡಿಕೊಂಡು ಒಟ್ಟಿಗೇ ಬಂದಂಥ ಮಾರ್ಚ್ ತಿಂಗಳ ರಾಡಿ. ಕೊಲ್ಲಿಯ ಕಡೆಯಿಂದ ಬೆಚ್ಚನೆಯ ಗಾಳಿ ಬೀಸಿ, ನಾಲ್ಕು ತಿಂಗಳಿಂದ ಮಾಡಿನ ಮೇಲೆ ಕೂತಿದ್ದ ಮಂಜುಗಡ್ಡೆ ಕರಗಿ, ಒಂದು ಬಿರುಕು ಹುಡುಕಿಕೊಂಡು ಇನ್ನೊಕೆಂಟಿ ಲ್ವೊವಿಚ್‌ನ ಕೋಣೆಗೆ ಇಳಿಯಿತು. ಇಳಿದದ್ದು ಮಂಚದ ಮೇಲಾದರೂ ಇಳಿಯಬಾರದೆ? ನೇರವಾಗಿ ಅವನ ರೆಕಾರ್ಡ್ ಪ್ಲೇಯರಿನ ಮೇಲೆಯೇ ತೊಟ್ಟಿಕ್ಕಿತು.

ಇನ್ನೊಕೆಂಟಿ ನೀರು ಸರಬರಾಜು ಕಚೇರಿಯಲ್ಲಿ ನಕಾಶೆ ಬರೆಯುವವನು. ಜೀವವೆಲ್ಲ ಇದ್ದದ್ದು ಮಾತ್ರ ಸೋವಿಯತ್ ಕಾಲದ ಮರೆತುಹೋದ ಸಂಗೀತಕಾರರ ಮಂಡಳಿಯಲ್ಲಿ. ಮಂಡಳಿಯ ಒಂಬತ್ತು ಸದಸ್ಯರೂ, ಬೀದಿನಾಯಿಗಳನ್ನು ಮನೆಗೆ ತಂದುಕೊಳ್ಳುವವರ ಹಾಗೆ, ಯಾರೂ ಕೇಳದ ಒಬ್ಬೊಬ್ಬ ಸಂಗೀತಕಾರನನ್ನು ಸಾಕಿಕೊಂಡಿದ್ದರು. ಇನ್ನೊಕೆಂಟಿಯ ಪಾಲಿಗೆ ಬಂದವನು ಯೆರ್ಮೊಲಾಯ್ ಪೆರೆಗುದೊವ್. ಅವನು ತೀರಿಹೋಗಿ ಮೂವತ್ತು ವರ್ಷ. ಬರೆದ ಹಾಳೆಗಳೆಲ್ಲ ನೆಲಮಾಳಿಗೆಗೆ ನುಗ್ಗಿದ ನೆರೆಯಲ್ಲಿ ಗಂಜಿಯಾಗಿ, ಉಳಿದದ್ದು ಒಂದು ರೆಕಾರ್ಡು, ಅದೂ ಒಂದೇ ಪ್ರತಿ. ಅದನ್ನು ಅವನ ವಿಧವೆ ಕ್ಲಾವ್ದಿಯಾ ಸಫ್ರೊನೊವ್ನಾ ಒಂದು ವಾರದ ಮಟ್ಟಿಗೆಂದು ಕೊಟ್ಟಿದ್ದಳು. ಆ ವಾರ ಐದು ತಿಂಗಳಾದರೂ ಮುಗಿದಿರಲಿಲ್ಲ.

ಪ್ರತಿ ಸಂಜೆ ಅದನ್ನು ಹಾಕಿಕೊಂಡು ಇನ್ನೊಕೆಂಟಿ ಅಳುತ್ತಿದ್ದ. ಪಿಟೀಲುಗಳು ಹೆಣ ಹೊತ್ತವರಂತೆ ಹೆಜ್ಜೆ ಎಳೆಯುತ್ತಿದ್ದವು. 'ಒಂದು ಜನಾಂಗದ ಅದುಮಿಟ್ಟ ಅಳು' ಎಂದು ನಲವತ್ತು ಪುಟ ಬರೆದೂ ಇಟ್ಟಿದ್ದ. ಹಾಗೆ ನೋಡಿದರೆ ಅವನ ಪ್ಲೇಯರಿನಲ್ಲಿ ಯಾರ ರೆಕಾರ್ಡು ಹಾಕಿದರೂ ದುಃಖವೇ ಕೇಳುತ್ತಿತ್ತು. ಆ ಕಾಲವೇ ಅಂಥದ್ದು ಎಂದುಕೊಂಡು ನಿಟ್ಟುಸಿರು ಬಿಡುತ್ತಿದ್ದ.

ಇವತ್ತು ಸಂಜೆ ಐದಕ್ಕೆ ಮಂಡಳಿ ಪೆರೆಗುದೊವ್‌ನ ರೆಕಾರ್ಡು ಕೇಳುವುದಿತ್ತು. ಒಪ್ಪಿದರೆ, ರೆಕಾರ್ಡು ಕೇಳಿ ಸ್ವರ ಬರೆದುಕೊಂಡು, ವಸಂತದ ಸಂಗೀತ ಕಛೇರಿಯಲ್ಲಿ ನಿಜವಾದ ವಾದ್ಯವೃಂದ ಅವನನ್ನು ನುಡಿಸುತ್ತದೆ. ಒಪ್ಪದಿದ್ದರೆ ಪಾಪ, ಅವನು ಎರಡನೆಯ ಸಲ ಸತ್ತಂತೆ. "ಕೇಳಿದ ಮೇಲೆ ಒಬ್ಬರ ಕಣ್ಣಾದ್ರೂ ಒಣಗಿದ್ರೆ ನಾನು ಮಂಡಳೀನೇ ಬಿಡ್ತೀನಿ" ಎಂದು ಇನ್ನೊಕೆಂಟಿ ಅಧ್ಯಕ್ಷ ವಿಸ್ಸರಿಯೊನ್ ಗ್ಲೆಬೊವಿಚ್ ಎದುರು ಹೇಳಿಬಿಟ್ಟಿದ್ದ.

ಈಗ ಪ್ಲೇಯರು ತಿರುಗುತ್ತಲೇ ಇಲ್ಲ. ನಾಲ್ಕು ಸಂಸಾರಗಳಿಗೆ ಸೇರಿದ ಒಂದೇ ಅಡಿಗೆಮನೆಗೆ ಅದನ್ನು ಎತ್ತಿಕೊಂಡು ಓಡಿದ.

"ಇಲ್ಲಿ ತಾ, ಒಲೆ ಪಕ್ಕ ಇಡ್ತೀನಿ," ಎಂದಳು ನೆರೆಯ ಜಿನಾಯಿದಾ ಫೊಮಿನಿಚ್ನಾ, ಕೋಸಿನ ಸಾರು ಕಲಕುತ್ತ. "ನನ್ನ ಸೊಸೆ ಬೂಟೂ ಹಾಗೇ ಒಣಗಿಸಿದ್ದು."

"ಇದು ಬೂಟಲ್ಲ, ಜಿನಾಯಿದಾ ಫೊಮಿನಿಚ್ನಾ."

"ಒದ್ದೆ ಅಂದ್ಮೇಲೆ ಒದ್ದೇನೇ ಕಣಪ್ಪ." ಎಂದವಳೇ ಶಿಲುಬೆಯ ಗುರುತು ಹಾಕಿ, ಅವಸರದಲ್ಲಿ ಒಂದು ಸೌಟು ಸಾರನ್ನೂ ಅದಕ್ಕೆ ಅಭಿಷೇಕ ಮಾಡಿದಳು.

ಗಲಾಟೆ ಕೇಳಿ ಬನಿಯನ್ನಿನಲ್ಲೇ ಬಂದವನು ಕುಜ್ಮಿಚ್, ಟ್ರಾಮ್ ಡಿಪೋದ ನಿವೃತ್ತ ಮೆಕ್ಯಾನಿಕ್. ಕೈಯಲ್ಲಿ ಆಗಲೇ ಸ್ಕ್ರೂಡ್ರೈವರ್ ಇತ್ತು.

"ಕುಜ್ಮಿಚ್, ಮುಟ್ಬೇಡಿ. ಬಹಳ ಸೂಕ್ಷ್ಮ ಯಂತ್ರ."

"ನಲವತ್ತು ವರ್ಷ ಟ್ರಾಮ್ ರಿಪೇರಿ ಮಾಡಿದೀನಿ. ಅದರಲ್ಲಿ ಜನ ಕೂತ್ಕೊಳ್ತಿದ್ರು. ಇದರಲ್ಲಿ ಯಾರು ಕೂತ್ಕೊಳ್ತಾರೆ?"

ಇನ್ನೊಕೆಂಟಿ ಯಂತ್ರವನ್ನು ಅವನ ಕಡೆ ತಳ್ಳಿದ. ಬೆಳಿಗ್ಗೆ ಬಿಚ್ಚಿದ್ದನ್ನು ಮತ್ತೆ ಜೋಡಿಸಿ ಮುಗಿಸುವಾಗ ನಾಲ್ಕು ಗಂಟೆ. ಮೇಜಿನ ಮೇಲೆ ಮೂರು ಸ್ಕ್ರೂ ಉಳಿದಿದ್ದವು.

"ಕಾರ್ಖಾನೆಯೋರು ಯಾವಾಗ್ಲೂ ಜಾಸ್ತಿ ಹಾಕಿರ್ತಾರೆ," ಎಂದ ಕುಜ್ಮಿಚ್. "ಅಲ್ಲ ಮಾರಾಯ, ತಟ್ಟೆ ತಿರುಗಿಸೋ ಆ ಬೆಲ್ಟು ಎಷ್ಟು ಕಾಲದ್ದು? ಮುಟ್ಟಿದ್ರೆ ಉದುರ್ತಿತ್ತು. ಕಸಕ್ಕೆ ಹಾಕಿ ಬೇರೆ ಹಾಕಿದೀನಿ. ಪಾಪ, ಎಷ್ಟು ವರ್ಷದಿಂದ ಕುಂಟ್ತಿತ್ತೋ. ಇನ್ಮೇಲೆ ನೋಡು, ಕುದುರೆ."

ಇನ್ನೊಕೆಂಟಿ ಗಡಿಯಾರ ನೋಡುತ್ತಿದ್ದ; ಇದ್ಯಾವುದೂ ಕಿವಿಗೆ ಹೋಗಲಿಲ್ಲ. ತಟ್ಟೆ ತಿರುಗಿತಲ್ಲ, ದೇವರು ದೊಡ್ಡವನು ಎಂದು ಎತ್ತಿಕೊಂಡು ಟ್ರಾಮಿಗೆ ಓಡಿದ.

ಮಂಡಳಿಯ ಎದುರು ನಿಂತು ಮೊದಲ ನಾಲ್ಕು ಪುಟ ಓದಿದ. ಹೆಣ ಹೊತ್ತವರ ಹೆಜ್ಜೆಯ ವಿಷಯ ಬಂದಾಗ ಅವನ ದನಿಯೇ ಒಡೆಯಿತು. ಕಣ್ಣು ಮುಚ್ಚಿ ಮುಳ್ಳು ಇಳಿಸಿದ.

ಪಿಟೀಲುಗಳು ಬಾಲಕ್ಕೆ ಬೆಂಕಿ ಹತ್ತಿದ ಕೋಳಿಗಳ ಹಾಗೆ ಹೊರಬಿದ್ದವು.

ಮೊದಲು ಒಂದು ಕೆಮ್ಮು ಕೇಳಿಸಿತು. ಆಮೇಲೆ ಅಧ್ಯಕ್ಷ ಮೆಲ್ಲಗೆ ಹೇಳಿದ: "ಇನ್ನೊಕೆಂಟಿ ಲ್ವೊವಿಚ್, ಹೆಣ ಹೊತ್ತೋರಿಗೆ ಏನೋ ಅರ್ಜೆಂಟು ಇದ್ದ ಹಾಗಿದೆ."

"ಹೆಣಾನೂ ಇಳಿದು ಜೊತೇಲಿ ಓಡ್ತಿದೆ," ಎಂದರು ಯಾರೋ ಹಿಂದಿನ ಸಾಲಿನಿಂದ.

ಅವನು ಮತ್ತೆ ಮೊದಲಿನಿಂದ ಹಾಕಿದ. ಮತ್ತೆ ಕೋಳಿಗಳೇ. ಬೆಲ್ಟು ಕುಂಟುತ್ತಿತ್ತೆಂಬ ಕುಜ್ಮಿಚ್‌ನ ಮಾತು ಆಗ ನಿಧಾನವಾಗಿ ಕಿವಿಗೆ ಬಂದು ಮುಟ್ಟಿತು.

"ಪ್ಲೇಯರು... ಇವತ್ತು ರಿಪೇರಿ ಆಯ್ತು," ಎಂದು ತೊದಲಿದ.

ವಿಸ್ಸರಿಯೊನ್ ಗ್ಲೆಬೊವಿಚ್ ನ್ಯಾಯವಂತ. ತಟ್ಟೆಯ ಮೇಲೆ ಕಾಗದದ ಚೂರಿಟ್ಟು, ಕೈಗಡಿಯಾರ ಹಿಡಿದು, ಒಂದು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದ. ಮೂವತ್ತಮೂರು, ಮೇಲೊಂದು ಚೂರು. ಅಂಥ ರೆಕಾರ್ಡು ತಿರುಗಬೇಕಾದ ವೇಗಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಯಂತ್ರ ಸರಿಯಾಗಿದೆ. ಕೆಟ್ಟಿರೋದು ಪೆರೆಗುದೊವ್."

ಒಂಬತ್ತು ಜನರಲ್ಲಿ ಒಬ್ಬರ ಕಣ್ಣೂ ಒಣಗಿರಲಿಲ್ಲ. ಇನ್ನೊಕೆಂಟಿಯೊಬ್ಬನನ್ನು ಬಿಟ್ಟು ಎಲ್ಲರದ್ದೂ ನಗುವಿನ ನೀರು. ವಸಂತದ ಕಛೇರಿಗೆ ಬೇರೊಬ್ಬನ ಹೆಸರು ಬರೆದುಕೊಂಡರು.

ಅಲ್ಲಿಂದ ಅವನು ಕ್ಲಾವ್ದಿಯಾ ಸಫ್ರೊನೊವ್ನಾಳ ಮನೆಗೆ ಹೋದ. ಇನ್ನು ಆ ರೆಕಾರ್ಡಿನ ಮುಖ ನೋಡುವುದೂ ಬೇಡವಾಗಿತ್ತು. ಮುದುಕಿ ಚಹಾ ಬಗ್ಗಿಸಿ, ಚೆರ್ರಿಯ ಮುರಬ್ಬ ಮುಂದಿಟ್ಟಳು.

"ನಿಮ್ಮ ಯಜಮಾನ್ರು ಕುಣಿಯೋ ಸಂಗೀತ ಬರೀತಿದ್ರು ಅಂತ ನನಗೆ ಗೊತ್ತಿರ್ಲಿಲ್ಲಮ್ಮ," ಎಂದ, ಸ್ವಲ್ಪ ಕಹಿಯಾಗಿಯೇ.

"ಕುಣಿಯೋದಾ?" ಮುದುಕಿ ಚಮಚ ಕೆಳಗಿಟ್ಟಳು. "ಅದು ಅವರ ತಾಯೀನ ಮಣ್ಣು ಮಾಡಿ ಬಂದ ವಾರ ಬರೆದದ್ದಪ್ಪ. ಹದಿನಾಲ್ಕು ನಿಮಿಷದ್ದು. ಸ್ಟುಡಿಯೋದೋರು ರೆಕಾರ್ಡಿನ ಒಂದು ಮಗ್ಗುಲಲ್ಲಿ ಎಂಟೂವರೆ ನಿಮಿಷ ಜಾಗ ಕೊಟ್ರು. ಅದರ ಮೇಲೆ, ವಾದ್ಯವೃಂದ ನಡೆಸೋರಿಗೆ ಸಮುದ್ರಸ್ನಾನಕ್ಕೆ ದಕ್ಷಿಣಕ್ಕೆ ಹೋಗೋ ರೈಲಿತ್ತು. ಹದಿನಾಲ್ಕು ನಿಮಿಷದ್ದನ್ನ ಎಂಟೂವರೇಲಿ ಓಡಿಸಿಬಿಟ್ರು. ಇವರು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೋರು ಮೂರು ದಿನ ಏಳಲಿಲ್ಲ. ಒಂದು ಸಲ, ಒಂದೇ ಸಲ, ಅದು ಇರಬೇಕಾದ ಹಾಗೆ ಯಾರಾದ್ರೂ ಕೇಳಲಿ ಅಂತಿದ್ರು. ಯಾರು ಕೇಳಿದ್ರು?"

ಇನ್ನೊಕೆಂಟಿ ಲೋಟ ಕೆಳಗಿಟ್ಟ. ಅವನ ಹಳೆಯ ಬೆಲ್ಟಿನ ಮೇಲೆ ಆ ರೆಕಾರ್ಡು ಮುಗಿಯುತ್ತಿದ್ದದ್ದು ಸರಿಯಾಗಿ ಹದಿನಾಲ್ಕು ನಿಮಿಷಕ್ಕೆ. ಮಂಡಳಿಗೆ ಓಡಲೇ ಎಂದುಕೊಂಡ. ಹೋಗಿ ಹೇಳುವುದಾದರೂ ಏನು? ಕೆಟ್ಟ ಯಂತ್ರದಲ್ಲಿ ಸರಿಯಾಗಿತ್ತು, ಸರಿಮಾಡಿದ ಮೇಲೆ ಕೆಟ್ಟಿತು ಎಂದರೆ ಮಂಡಳಿಯವರು ಅವನನ್ನೇ ಕುಜ್ಮಿಚ್‌ನ ಹತ್ತಿರ ರಿಪೇರಿಗೆ ಕಳಿಸುತ್ತಿದ್ದರು.

"ನಾನು ಕೇಳಿದೀನಮ್ಮ," ಎಂದ. "ಐದು ತಿಂಗಳು, ದಿನಾ ಸಂಜೆ."

ಮುದುಕಿ ಅವನ ಕೈ ತಟ್ಟಿ ನಕ್ಕಳು. "ನಿಮ್ಮದು ಒಳ್ಳೇ ಮನಸ್ಸು, ಇನ್ನೊಕೆಂಟಿ ಲ್ವೊವಿಚ್. ನನ್ನ ಸಮಾಧಾನಕ್ಕೆ ಸುಳ್ಳೂ ಹೇಳ್ತೀರಿ."

ಇನ್ನೊಕೆಂಟಿ ರೆಕಾರ್ಡನ್ನು ಚೀಲದಿಂದ ತೆಗೆದು, ಅಂಗಿಯ ತೋಳಿನಿಂದ ಒಮ್ಮೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವಳ ಮಡಿಲಲ್ಲಿಟ್ಟ.