ಕೊಡುವವರ ಹೆಸರು ಕಡ್ಡಾಯ

ಪಾತ್ರೆಗಳ ಮೇಲೆ ಹೆಸರು ಕೊರೆಯುವುದು ನನ್ನ ಕಸುಬು. ಹಾಸನದ ನಮ್ಮ ಅಂಗಡಿಯಿಂದ ಹೋದ ತಟ್ಟೆ, ಕೊಡ, ಡಬರಿಗಳ ಮೇಲೆ ಸುತ್ತಮುತ್ತಲ ಮದುವೆ, ಗೃಹಪ್ರವೇಶಗಳ ಚರಿತ್ರೆಯೇ ಇದೆ. ಉಡುಗೊರೆ ಕೊಡುವವರಿಗೆ ಪಾತ್ರೆಗಿಂತ ಅದರ ಮೇಲಿನ ತಮ್ಮ ಹೆಸರು ಮುಖ್ಯ. ಹೊಳೆನರಸೀಪುರದ ಒಬ್ಬರು ಸೌಟಿನ ಹಿಡಿಯ ಮೇಲೆ ಇಡೀ ಕುಟುಂಬದ ಹೆಸರು ಹಾಕಿಸಹೊರಟಿದ್ದರು. ಕಿರಿಯ ಸೊಸೆಯ ಹೆಸರು ಬರುವಷ್ಟರಲ್ಲಿ ಸೌಟೇ ಮುಗಿದುಹೋಯಿತು.

ಇಷ್ಟು ಅನುಭವವಿದ್ದವನು ಸುಮ್ಮನಿರಲಾರದೆ ಆನ್‌ಲೈನಿಗೂ ಇಳಿದೆ. ಕಂಪ್ಯೂಟರ್ ಟೀಚರಾಗಿರುವ ನನ್ನ ಹೆಂಡತಿ ವನಜ ವೆಬ್‌ಸೈಟ್ ಮಾಡಿಕೊಟ್ಟಳು. ಪಾತ್ರೆ ಆರಿಸಿ ಹೆಸರು ಬರೆದರೆ ಸಾಕು, ಕೊರೆದ ಮೇಲೆ ಹೇಗೆ ಕಾಣುತ್ತದೆಂದು ಅಲ್ಲೇ ತೋರಿಸುತ್ತದೆ. ಗಿರಾಕಿಗಳು ತುಂಬಬೇಕಾದ ಖಾನೆಗಳ ಕಾರುಬಾರು ಮಾತ್ರ ನನ್ನದು. ಪಡೆಯುವವರ ಹೆಸರು, ಕೊಡುವವರ ಹೆಸರು, ಎರಡೂ ಕಡ್ಡಾಯ ಎಂದೆ. "ಕೊಡೋರ ಹೆಸರು ಕಡ್ಡಾಯ ಬೇಡ ರೀ. ಯಾರಾದ್ರೂ ತಮಗೇ ತಗೊಂಡ್ರೆ?" ಎಂದಳು ವನಜ. "ತಾನೇ ಕೊಂಡ ಪಾತ್ರೆಗೆ ಯಾರೇ ಹೆಸರು ಹಾಕಿಸ್ತಾರೆ? ಮೂವತ್ತು ವರ್ಷದ ಸರ್ವೀಸು ನಂದು" ಎಂದು ಅವಳ ಬಾಯಿ ಮುಚ್ಚಿಸಿದೆ.

ಕಳೆದ ವಾರ ಒಂದು ಆರ್ಡರು ಅರ್ಧಕ್ಕೇ ನಿಂತಿತ್ತು. ಹಾಲಿನ ಕ್ಯಾನು. ಅದರ ಚಿತ್ರದ ಮೇಲೆ, 'ಜಯಮ್ಮ ಅವರಿಗೆ ಯಾರೂ ಇಲ್ಲ ಅವರಿಂದ ಪ್ರೀತಿಯ ಉಡುಗೊರೆ' ಎಂದಿತ್ತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದೇ ದಿನ ಮಧ್ಯಾಹ್ನ ಆ ಜಯಮ್ಮನೇ ಶಾಂತಿಗ್ರಾಮದಿಂದ ಬಸ್ಸು ಹತ್ತಿ ಬಂದು, ಫೋನನ್ನು ನನ್ನ ಮುಂದೆ ಹಿಡಿದರು.

"ಸಾ, ಇದು ಮುಂದಕ್ಕೇ ಓಗಾಕಿಲ್ಲ ಅಂತದೆ. ಕೊಟ್ಟೋರ್ ಯಾರು, ಕೊಟ್ಟೋರ್ ಯಾರು ಅಂತ ಒಂದೇ ಸಮ ಕೇಳ್ತದೆ. ಯಾರೂ ಇಲ್ಲ ಅಂತ ಬರುದ್ರೆ ಅದ್ನೇ ಕ್ಯಾನ್ ಮ್ಯಾಲೆ ಹಾಕ್ಬುಡೋದಾ? ನಾನೇ ತಗತಿರಾದು ಕಣಪ್ಪ!"

"ನಿಮ್ಮ ಕ್ಯಾನಿಗೆ ನಿಮ್ಮ ಹೆಸರು ಯಾಕಮ್ಮ?" ಎಂದೆ.

"ನಾಳಿಂದ ಹಾಲಿನ್ ಡೈರಿ ಪುಸ್ತಕ ನನ್ ಹೆಸರ್ಗೆ ಬತ್ತದೆ. ಇಷ್ಟ್ ವರ್ಸ ಹಸ ಮೇಯ್ಸಿ ಹಾಲ್ ಕರ್ದೋಳು ನಾನು, ಪುಸ್ತಕದಲ್ಲಿದ್ದದ್ದು ನಮ್ಮನೆಯವ್ರ ಹೆಸ್ರು. ಮನೇಲಿರೋ ಪಾತ್ರೆ ಮ್ಯಾಲೆಲ್ಲಾ ಕೊಟ್ಟೋರ್ ಹೆಸ್ರು. ಬೆಳಿಗ್ಗೆ ಒಸ ಕ್ಯಾನ್ ಇಡ್ಕೊಂಡು ಓಗ್ಬೇಕು ಸಾ. ಅದ್ರಲ್ಲಾದ್ರೂ ನನ್ ಹೆಸ್ರಿರ್ಲಿ."

ನನ್ನ ನಗುವೆಲ್ಲ ಇಳಿದುಹೋಯಿತು. ಯಾರಿಂದಲೂ ಅಲ್ಲದೆ, ಯಾರಿಗೂ ಅಲ್ಲದೆ, 'ಜಯಮ್ಮ' ಎಂದಷ್ಟೇ ಕೊರೆದೆ. ಅಷ್ಟು ದೊಡ್ಡ ಅಕ್ಷರ ಜನ್ಮದಲ್ಲಿ ಕೊರೆದಿರಲಿಲ್ಲ. ಅವರು ಆ ಅಕ್ಷರಗಳ ಮೇಲೆ ಬೆರಳಾಡಿಸಿ, ಕ್ಯಾನನ್ನು ಮಗುವಿನಂತೆ ಕಂಕುಳಲ್ಲಿ ಇರುಕಿಕೊಂಡು ಹೊರಟರು.

ಸಂಜೆ ವನಜಳಿಗೆ ತಪ್ಪೊಪ್ಪಿಕೊಂಡೆ. ಅವಳು ಎರಡೇ ನಿಮಿಷದಲ್ಲಿ 'ಕಡ್ಡಾಯ' ತೆಗೆದುಹಾಕಿದಳು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲಿನ ಹೆಸರು ನೋಡಿದೆ. ಚನ್ನರಾಯಪಟ್ಟಣದ ನನ್ನ ಚಿಕ್ಕಪ್ಪ, ಅರಕಲಗೂಡಿನ ಅವಳ ಸೋದರಮಾವ, ಎಲ್ಲರೂ ಗೂಡಿನಲ್ಲಿ ಸಾಲಾಗಿ ಕೂತಿದ್ದರು. ವನಜ ಎಲ್ಲೂ ಇರಲಿಲ್ಲ. ಹೆಸರು ಕೊರೆಯುವವನ ಮನೆಯಲ್ಲಿ!

ಮಾರನೆಯ ದಿನವೇ ಅವಳಿಗೊಂದು ಊಟದ ಡಬ್ಬಿ ತಂದೆ. ಮುಚ್ಚಳದ ಮೇಲೆ 'ವನಜ', ಅಷ್ಟೇ. ಅವಳು ಅದನ್ನು ಸೆರಗಿನಿಂದ ಎರಡು ಸಲ ಒರೆಸಿದಳು. ಆಮೇಲೆ ಯಾಕೋ ಡಬ್ಬಿಯನ್ನು ತಿರುಗಿಸಿದಳು. ತಳದಲ್ಲಿ, ಸಣ್ಣ ಅಕ್ಷರದಲ್ಲಿ ನನ್ನ ಹೆಸರಿತ್ತು. ಅಭ್ಯಾಸಬಲ, ಕೈ ನನ್ನ ಮಾತು ಕೇಳಿರಲಿಲ್ಲ.

"ರೀ, ಇದನ್ನ ತೆಗೆಯೋಕೆ ಎಷ್ಟು ನಿಮಿಷ ಬೇಕು?" ಎಂದಳು.