ಎರಡನೇ ಆಪರೇಷನ್ನಿಗೆ ಮರ್ಯಾದೆ ಇಲ್ಲ

ಆಪರೇಷನ್ ಮಾಡಿಸಿಕೊಳ್ಳುವುದೇ ಆದರೆ ಒಂದೇ ಸಲಕ್ಕೆ ಮುಗಿಸಿಕೊಳ್ಳಬೇಕು. ಆರೋಗ್ಯದ ದೃಷ್ಟಿಯಿಂದ ಅಲ್ಲ, ಮರ್ಯಾದೆಯ ದೃಷ್ಟಿಯಿಂದ ಹೇಳುತ್ತಿದ್ದೇನೆ. ನನ್ನ ಬಲಗೈಗೆ ಮೊದಲ ಆಪರೇಷನ್ ಆದಾಗ ಕೋಟೇಶ್ವರದ ನಮ್ಮ ಮನೆಗೆ ನೋಡಲು ಬಂದವರನ್ನು ಕೂರಿಸುವುದಕ್ಕೆ ಪಕ್ಕದ ಮನೆಯಿಂದ ಕುರ್ಚಿ ತರಬೇಕಾಯಿತು. ಮೂಸಂಬಿ, ಬಿಸ್ಕತ್ತು, ಎಳನೀರು ಎಲ್ಲ ಬಂದು ಅಡುಗೆಮನೆಯ ಮೂಲೆ ತುಂಬಿತು. ವಂಡ್ಸೆಯ ನನ್ನ ದೊಡ್ಡಮ್ಮನ ಮಗ ಬಸ್ಸು ಬದಲಿಸಿಕೊಂಡು, ಬಾಳೆಗೊನೆ ಹೊತ್ತುಕೊಂಡು ಬಂದು, ನನ್ನ ಬ್ಯಾಂಡೇಜ್ ನೋಡಿ ಕಣ್ಣು ಒರೆಸಿಕೊಂಡ. ಅದೇ ಕೈಗೆ ಎರಡನೇ ಆಪರೇಷನ್ ಆದಾಗ ಅದೇ ಮನುಷ್ಯ ಫೋನಿನಲ್ಲೇ, "ಮತ್ತೂ ಎಂತ ಮಾಡ್ಕಂಡೆ ಮಾರಾಯಾ?" ಎಂದು ಕೇಳಿದ. ಅದು ಕನಿಕರದ ದನಿಯಲ್ಲ, ಠಾಣೆಯಲ್ಲಿ ವಿಚಾರಿಸುವ ದನಿ. ಮೊದಲ ಸಲ ಮಲಗಿದವನು ರೋಗಿ, ಎರಡನೇ ಸಲ ಮಲಗಿದವನು ಅರ್ಧ ಆರೋಪಿ. ಬಾಳೆಹಣ್ಣಿನ ವಿಷಯ ಈ ಬಾರಿ ಯಾರೂ ಎತ್ತಲಿಲ್ಲ.

ಕೈ ಮುರಿದದ್ದು ಹೇಗೆ ಎಂದು ಹೇಳಿ ಹೇಳಿ ನನಗೆ ಸುಸ್ತಾಗಿದೆ. ಕೇಳುವವರಿಗೆ ಬೈಕು, ಲಾರಿ, ಹೆದ್ದಾರಿ ಏನಾದರೂ ಬೇಕಿತ್ತು. ನನ್ನ ಹತ್ತಿರ ಇದ್ದದ್ದು ಒಂದು ತೆಂಗಿನ ಮಡಲು ಮಾತ್ರ. ಮಳೆಗಾಲದಲ್ಲಿ ನಮ್ಮ ಅಂಗಳವೆಲ್ಲ ಪಾಚಿ ಹಿಡಿದು ಜಾರುತ್ತದೆ, ಅದಕ್ಕೆ ಮನೆಬಾಗಿಲಿನಿಂದ ಗೇಟಿನವರೆಗೆ ಮಡಲು ಹಾಸುತ್ತೇವೆ. ಮಳೆ ಶುರುವಾದಾಗಿನಿಂದ ಹೆಂಡತಿ ಗಿರಿಜಾ ಹೇಳುತ್ತಲೇ ಇದ್ದಳು, ನಾನು ನಾಳೆ ನಾಳೆ ಎನ್ನುತ್ತಲೇ ಇದ್ದೆ. ಕೊನೆಗೊಂದು ಭಾನುವಾರ, ಯಾರೂ ಜಾರಿ ಬೀಳಬಾರದೆಂದು ಮಡಲು ಹಾಸಲು ಹೋದವನೇ ಜಾರಿ ಬಿದ್ದೆ. ಓಡಿ ಬಂದ ಗಿರಿಜಾ ಅಳುತ್ತ ಅಳುತ್ತಲೇ, "ಹ್ವಾಯ್, ಮಡ್ಲ್ ಹಾಸಿ ಅಂದೆ, ಮಡ್ಲಿನ್ ಒಟ್ಟಿಗೆ ನೀವೂ ಮಲ್ಕಣಿ ಅಂದ್ನಾ?" ಎಂದಳು. ಅಂಗೈಯೊಳಗಿನ ಎರಡು ಎಲುಬು ಮುರಿದಿದ್ದವು.

ಕುಂದಾಪುರದ ಆಸ್ಪತ್ರೆಯಲ್ಲಿ ಎಲುಬಿಗೆ ಪ್ಲೇಟು ಕೂರಿಸಿ ಸ್ಕ್ರೂ ಬಿಗಿದರು. ಮನೆಗೆ ಕಳಿಸುವಾಗ ಡಾಕ್ಟರು, "ಬೆರಳು ಆಡಿಸುತ್ತಾ ಇರಿ, ನೋವಾದರೂ ಆಡಿಸಿ" ಎಂದಿದ್ದರು. ಆಡಿಸುತ್ತಿದ್ದೆನೋ ಏನೋ. ಆದರೆ ನಮ್ಮ ಪಕ್ಕದ ಮನೆಯ ನಾರಾಯಣಣ್ಣ ಬೋಟಿನ ಇಂಜಿನ್ ರಿಪೇರಿ ಮಾಡುವವರು. ನಾನು ಲೆಕ್ಕ ಬರೆಯುವುದು ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ, ಹಾಗಾಗಿ ಬಂದರಿನಲ್ಲಿ ನಾರಾಯಣಣ್ಣನ ಮಾತಿಗೆ ಎಷ್ಟು ತೂಕ ಎಂಬುದನ್ನು ಕಣ್ಣಾರೆ ಕಂಡವನು. ಅವರು ಕೈಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸ್ಕ್ರೂಗಳನ್ನು ಒಂದೊಂದಾಗಿ ಪರೀಕ್ಷಿಸಿ, "ಸ್ಕ್ರೂ ಅಂದ್ರೆ ಸ್ಕ್ರೂವೇ. ಬೋಟಿಂದಾರೂ ಅಷ್ಟೇ, ಕೈದಾರೂ ಅಷ್ಟೇ. ಅಲ್ಲಾಡ್ಸಿರೆ ಲೂಸ್ ಆತ್ತ್" ಎಂದು ತೀರ್ಪು ಕೊಟ್ಟರು. ಗಿರಿಜಾ ಅದನ್ನು ಮನಸ್ಸಿಗೆ ತೆಗೆದುಕೊಂಡಳು. ಅಂದಿನಿಂದ ನನ್ನ ಕೈ ದೇವರ ಮೂರ್ತಿಯ ಕೈಯಂತೆ ಒಂದೇ ಭಂಗಿಯಲ್ಲಿ ನಿಂತಿತು. ಅಂಗಿಯ ಗುಂಡಿ ಅವಳೇ ಹಾಕುವಳು, ಪೇಸ್ಟು ಅವಳೇ ಹಿಂಡುವಳು. ಅನ್ನಕ್ಕೆ ಎಡಗೈಯಲ್ಲಿ ಚಮಚೆ ಹಿಡಿದೆ. ಮೀನು ಮಾತ್ರ ಚಮಚೆಗೆ ಬಗ್ಗುವ ವಸ್ತುವಲ್ಲ. ಮೈಯೆಲ್ಲ ಸಣ್ಣ ಮುಳ್ಳಿರುವ ಬೈಗೆ ಮೀನನ್ನು ಚಮಚೆಯಲ್ಲಿ ತಿನ್ನಲು ಹೊರಟರೆ ಮುಂದಿನ ಆಪರೇಷನ್ ಗಂಟಲಿಗೇ ಆಗಬೇಕಾದೀತು. ಹಾಗಾಗಿ ಮುಳ್ಳು ಬಿಡಿಸಿ ಬಟ್ಟಲಿಗೆ ಹಾಕಿಕೊಡುವ ಕೆಲಸವೂ ಅವಳದೇ. ಅದೇನು ಅವಳಿಗೆ ಹೊಸದಲ್ಲ ಬಿಡಿ, ಮದುವೆಯಾದಾಗಿನಿಂದ ನಡೆದುಬಂದದ್ದು. ಅದಕ್ಕಿಂತ ಮೊದಲು ಅಮ್ಮ ನೋಡಿಕೊಳ್ಳುತ್ತಿದ್ದರು.

ಬ್ಯಾಂಡೇಜ್ ಎಲ್ಲ ಹೋದ ಮೇಲೂ ಬೆರಳುಗಳು ಮಡಚಲಿಲ್ಲ. ಪೆನ್ನು ಕೊಟ್ಟರೆ ಜಾರುತ್ತಿತ್ತು, ಮುಷ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಮತ್ತೆ ಡಾಕ್ಟರ ಮುಂದೆ ಕುಳಿತೆವು. "ಎಲುಬು ಚೆನ್ನಾಗಿ ಕೂಡಿದೆ. ಆದರೆ ಬೆರಳನ್ನು ಎಳೆಯುವ ನರಗಳು ಪ್ಲೇಟಿನ ಮೇಲೆಯೇ ಅಂಟಿಕೊಂಡಿವೆ. ಬೆರಳು ಆಡಿಸಿ ಎಂದಿದ್ದೆನಲ್ಲ?" ಎಂದರು. ನಾನು ಗಿರಿಜಾಳನ್ನು ನೋಡಿದೆ, ಗಿರಿಜಾ ಗೋಡೆಯಲ್ಲಿದ್ದ ಅಸ್ಥಿಪಂಜರದ ಚಿತ್ರವನ್ನು ನೋಡಿದಳು. ಬೋಟಿನ ಮೆಕ್ಯಾನಿಕ್ ಬೇಡ ಎಂದರು ಎಂದು ಯಾವ ಬಾಯಲ್ಲಿ ಹೇಳುವುದು? ಮತ್ತೆ ಕೊಯ್ದು, ಪ್ಲೇಟು ತೆಗೆದು, ಅಂಟಿದ ನರಗಳನ್ನು ಬಿಡಿಸಬೇಕು ಎಂದರು. "ಈ ಸಲ ಮರುದಿನದಿಂದಲೇ ಆಡಿಸದಿದ್ದರೆ ಮತ್ತೆ ಅಂಟುತ್ತದೆ. ಆಮೇಲೆ ನನ್ನ ಕೈಯಲ್ಲೂ ಏನಿಲ್ಲ" ಎಂದೂ ಸೇರಿಸಿದರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ. ಬಿದ್ದಾಗ ಹೆದರಿರಲಿಲ್ಲ, ನೋವಿನಲ್ಲಿ ಅದಕ್ಕೆ ಪುರುಸೊತ್ತಿರಲಿಲ್ಲ. ಇನ್ನು ಬದುಕಿರುವಷ್ಟು ಕಾಲ ಅರ್ಧ ಮುಷ್ಟಿಯಲ್ಲೇ ಇರಬೇಕೇನೋ ಎಂದುಕೊಂಡು ಬಸ್ಸಿನಲ್ಲಿ ಕುಳಿತಾಗ ಕಂಬಿ ಹಿಡಿಯಲೂ ಮನಸ್ಸಾಗಲಿಲ್ಲ. ಬಸ್ಸು ಇಳಿದ ಗಿರಿಜಾ ನೇರವಾಗಿ ದೇವಸ್ಥಾನಕ್ಕೆ ಹೋಗಿ, "ಮೊದ್ಲ್ ಇದ್ದ್ ಹಾಂಗೆ ಇವ್ರ್ ಕೈ ಮಾಡ್ಕೊಡ್, ಒಂದ್ ಹೂಗಿನ್ ಪೂಜಿ ಕೊಡ್ತೆ" ಎಂದು ಹರಕೆ ಹೇಳಿಕೊಂಡಳು. ನಾನು ಪಕ್ಕದಲ್ಲಿ ನಿಂತು ಅರ್ಧವೇ ಕೈ ಮುಗಿದೆ.

ಎರಡನೇ ಆಪರೇಷನ್ ಆದ ಮೇಲೆ ವ್ಯಾಯಾಮ ಮಾಡಿಸಲು ಬಂದವಳು ಬೈಂದೂರಿನ ಹುಡುಗಿ, ಹೆಸರು ಸೌಮ್ಯ. ಹೆಸರಿಟ್ಟವರು ಅವಳು ಬೆರಳು ಮಡಚುವುದನ್ನು ನೋಡಿರಲಿಕ್ಕಿಲ್ಲ. ನನ್ನ ಕಣ್ಣಲ್ಲಿ ನೀರು ಬಂದರೆ, "ಬರ್ಲಿ ಬರ್ಲಿ, ಕಣ್ಣಿಗೂ ಒಳ್ಳೇದ್" ಎನ್ನುತ್ತಿದ್ದಳು. ಒಂದು ದಿನ ಗಿರಿಜಾಳ ಹತ್ತಿರ ಮನೆಯಲ್ಲಿ ಯಾರು ಏನು ಮಾಡುತ್ತೀರೆಂದು ವಿಚಾರಿಸಿದಳು. ಗಿರಿಜಾ ಹೆಮ್ಮೆಯಿಂದ ತನ್ನ ಸೇವೆಯನ್ನೆಲ್ಲ ಒಪ್ಪಿಸಿದಳು. ಮೀನಿನ ಮುಳ್ಳಿನ ವಿಷಯ ಬಂದದ್ದೇ ಸೌಮ್ಯ ನನ್ನ ಕೈ ಬಿಟ್ಟು, "ಅಕ್ಕಾ, ಇನ್ನ್ ನೀವ್ ಅದ್ಕ್ ಕೈ ಹಾಕುಕಾಗ. ಮುಳ್ಳ್ ಬಿಡ್ಸುದೇ ಇವ್ರಿಗೆ ವ್ಯಾಯಾಮ. ದಿನಾ ಬೈಗೆ ತಕಣಿ, ಇವ್ರೇ ಬಿಡ್ಸ್ಕ್" ಎಂದು ಅಪ್ಪಣೆ ಮಾಡಿದಳು.

ಹೀಗೆ ನಮ್ಮ ಊಟದ ಹೊತ್ತು ಚಿಕಿತ್ಸೆಯ ಹೊತ್ತಾಯಿತು. ಗಿರಿಜಾ ಎದುರು ಕೂರುವಳು, ನಾನು ಮೀನಿನ ಮೇಲೆ ಬಗ್ಗುವೆ. ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟಲೇ ಒಪ್ಪವು, ಜಗಳವಾಡಿದ ಬೀಗರ ಹಾಗೆ ಮುಖ ತಿರುಗಿಸಿಕೊಳ್ಳುವವು. ಮೀನು ಪುಡಿಯಾಗುತ್ತಿತ್ತು, ಮುಳ್ಳು ಅಲ್ಲೇ ಇರುತ್ತಿತ್ತು. ನನಗಿಂತ ಹೆಚ್ಚು ಸಂಕಟ ಗಿರಿಜಾಳಿಗೆ. ಅವಳ ಬೆರಳುಗಳು ಮೇಜಿನ ಮೇಲೆ ತಾವಾಗಿಯೇ ಮುಳ್ಳು ಬಿಡಿಸುತ್ತಿದ್ದವು. ಒಮ್ಮೆ ತಡೆಯಲಾರದೆ ಕೈ ಚಾಚಿದವಳು, ಅರ್ಧದಲ್ಲಿ ಹಿಂದೆಳೆದುಕೊಂಡು, "ನಂಗ್ ಕಾಂಬುಕ್ ಆತಿಲ್ಲ" ಎಂದು ಒಳಗೆ ಹೋದಳು. ನಾನೂ ಮೀನು ಬಿಟ್ಟು ಬರೀ ಸಾರಿನಲ್ಲಿ ಉಂಡು ಎದ್ದೆ. ಬೇಸರ ಎಂದರೆ ಎಂಥ ಬೇಸರ, ಬೈಗೆಯ ವಾಸನೆ ಬಂದರೆ ಆಸ್ಪತ್ರೆಯ ನೆನಪಾಗುವಷ್ಟು.

ಆದರೂ ಬಿಡಲಿಲ್ಲ, ಬಿಡಲು ಸೌಮ್ಯ ಕೊಡಲಿಲ್ಲ. ಮರುವರ್ಷದ ಮಳೆ ನಿಂತು ಅಂಗಳದ ಮಡಲು ತೆಗೆಯುವ ಹೊತ್ತಿಗೆ ಬೆರಳ ತುದಿಗಳು ಅಂಗೈಯನ್ನು ಮುಟ್ಟಿದವು. ಮೊನ್ನೆ ಮಧ್ಯಾಹ್ನ ಒಂದು ಬೈಗೆಯನ್ನು ಬೆನ್ನಿನಿಂದ ಸೀಳಿ, ನಡುವಿನ ಮುಳ್ಳನ್ನು ಬಾಲದವರೆಗೆ ಇಡಿಯಾಗಿ ಎತ್ತಿ, ತಟ್ಟೆಯ ಅಂಚಿಗೆ ಇಟ್ಟೆ. ಗಿರಿಜಾ ಆ ಮುಳ್ಳನ್ನೇ ನೋಡುತ್ತ ಕುಳಿತಳು. ಕಣ್ಣು ತುಂಬಿತ್ತು. "ನಿನ್ನ ದೇವರು ನಡೆಸಿಕೊಟ್ಟ. ಹೂವಿನ ಪೂಜೆ ಯಾವಾಗ ಇಟ್ಟುಕೊಳ್ಳುವ?" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಒಂದ್ ಪೂಜಿ ಸಾಕಾತಿಲ್ಲ, ಎರಡ್ ಕೊಡ್ಕ್" ಎಂದಳು. ಯಾಕೆ ಎಂದೆ.

"ನಾನ್ ಬೇಡ್ಕಂಡದ್ ಮೊದ್ಲಿನ್ ಕೈ. ಮೊದ್ಲಿನ್ ಕೈ ಯಾವತ್ತ್ ಮುಳ್ಳ್ ಬಿಡ್ಸಿತ್ತ್? ದೇವ್ರ್ ಕೊಟ್ಟದ್ ಅದ್ಕಿಂತ್ ಒಳ್ಳೆ ಕೈ ಅಲ್ದಾ?"

ಹಾಗೆಂದವಳು ತನ್ನ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು. ಅದರಲ್ಲಿ ಎರಡು ಬೈಗೆ ಇದ್ದವು. ವ್ಯಾಯಾಮ ಎಂದಿಗೂ ನಿಲ್ಲಿಸಬಾರದು ಎಂದು ಸೌಮ್ಯ ಹೇಳಿದ್ದಾಳಂತೆ. ನಾನು ಬಿಡಿಸುತ್ತ ಕುಳಿತೆ.